ಬಳ್ಳಾರಿ ರಸ್ತೆಯ ಐರನ್ ಮೇಡನ್

2007ರ ಮಾರ್ಚ್ 17, ಯುಗಾದಿಯ ಮುಂಚಿನ ಶನಿವಾರ. ನಮ್ಮ ಗಡಿಯಾರದಲ್ಲಿ ಸಂಜೆ ಏಳಾಗುತ್ತಿದ್ದಂತೆ ಪೋರ್ಟ್ ಆಫ್ ಸ್ಪೇನ್‌ನಲ್ಲಿ ವಿಶ್ವಕಪ್ ಪಂದ್ಯ ಶುರುವಾಯಿತು. ಎದುರಾಳಿ ಬಾಂಗ್ಲಾದೇಶ, ನಾಯಕ ನಮ್ಮೂರಿನ ರಾಹುಲ್ ದ್ರಾವಿಡ್. ಬೆಂಗಳೂರಿಗೆ ಬೆಂಗಳೂರೇ ಟೀವಿ ಮುಂದೆ ಕೂರಬೇಕಾದ ರಾತ್ರಿ ಅದು. ಆದರೆ ಮೇಖ್ರಿ ಸರ್ಕಲ್ ಪಕ್ಕದ ಅರಮನೆ ಮೈದಾನದಲ್ಲಿ ಹತ್ತಾರು ಸಾವಿರ ಜನ ಕಪ್ಪು ಟೀ ಶರ್ಟ್ ಹಾಕಿಕೊಂಡು ನಿಂತಿದ್ದರು. ಸ್ಕೋರ್ ಎಷ್ಟು ಎಂದು ಕೇಳುವ ವ್ಯವಧಾನ ಅವರಿಗಿರಲಿಲ್ಲ. ಭಾರತ 191ಕ್ಕೆ ಆಲೌಟಾಗಿ ಐದು ವಿಕೆಟ್‌ಗಳಿಂದ ಸೋತಿತು. ಆ ಸೋಲಿನ ಬಗ್ಗೆ ಕನ್ನಡದಲ್ಲಿ ಪುಟಗಟ್ಟಲೆ ಬರೆದಾಯಿತು. ಅದೇ ರಾತ್ರಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದ್ದರ ಬಗ್ಗೆ ನಾವು ಬರೆದದ್ದು ತೀರಾ ಕಡಿಮೆ. ಬೆಂಗಳೂರಿನ ಸಂಗೀತ ಚರಿತ್ರೆಯಲ್ಲಿ ರಾಮನವಮಿಯ ಕಛೇರಿಗಳಿಗೆ ಜಾಗವಿದೆ, ಗಣೇಶೋತ್ಸವದ ಆರ್ಕೆಸ್ಟ್ರಾಗಳಿಗೂ ಇರಬೇಕು. ಈ ರಾತ್ರಿಗೂ ಒಂದು ಜಾಗ ಸಲ್ಲಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ಆ ವರ್ಷದ ಪ್ರವಾಸಕ್ಕೆ ಒಂದು ವಿಶೇಷವಿತ್ತು. ಐರನ್ ಮೇಡನ್‌ನ ಮೂರನೇ ಆಲ್ಬಮ್ ‘ದಿ ನಂಬರ್ ಆಫ್ ದಿ ಬೀಸ್ಟ್’ ಬಂದು ಸರಿಯಾಗಿ 25 ವರ್ಷ ತುಂಬುತ್ತಿತ್ತು. ಹಾರ್ಡ್ ರಾಕ್ ಕೇಳುವವರಲ್ಲಿ ಈ ಆಲ್ಬಮ್ಮಿನ ಹೆಸರು ಗೊತ್ತಿಲ್ಲದವರು ಸಿಗುವುದು ಕಷ್ಟ. ಲಂಡನ್ನಿನ ಒಂದು ಸ್ಟುಡಿಯೋದಲ್ಲಿ ಹುಟ್ಟಿದ ಎಂಟು ಹಾಡುಗಳು ಹೆಬ್ಬಾಳ, ಯಲಹಂಕ, ಕೊಡಿಗೇಹಳ್ಳಿಯ ಹುಡುಗರ ಬಾಯಿಪಾಠವಾದದ್ದು ಹೇಗೆ ಎಂದು ಹುಡುಕಿದರೆ ಬೆಂಗಳೂರಿನ ಒಂದು ಕಾಲವೇ ಬಿಚ್ಚಿಕೊಳ್ಳುತ್ತದೆ.

1982ರ ಲಂಡನ್ನಿನಿಂದ ಶುರು ಮಾಡೋಣ. ಆ ಜನವರಿಯಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ ಮೂವತ್ತು ಲಕ್ಷ ದಾಟಿತ್ತು. ಕೆಲಸವಿಲ್ಲದ ಹುಡುಗರಿಗೆ ಪಂಕ್‌ನ ಸಿಟ್ಟು ಹಳತಾಗಿತ್ತು. ಆದರೆ ಎಪ್ಪತ್ತರ ದಶಕದ ದೊಡ್ಡ ರಾಕ್ ಬ್ಯಾಂಡುಗಳೂ ದೂರದವಾಗಿ ಕಾಣುತ್ತಿದ್ದವು. ಪೂರ್ವ ಲಂಡನ್ನಿನ ಸ್ಟೀವ್ ಹ್ಯಾರಿಸ್ ಎಂಬ ಬೇಸ್ ಗಿಟಾರ್ ವಾದಕ 1975ರ ಕ್ರಿಸ್‌ಮಸ್ ದಿನ ಕಟ್ಟಿದ ಬ್ಯಾಂಡು ಐರನ್ ಮೇಡನ್. ಎರಡು ಆಲ್ಬಮ್ ಆದ ಮೇಲೆ, 1981ರಲ್ಲಿ, ಗಾಯಕ ಪಾಲ್ ಡಿಯಾನೋನನ್ನು ಬ್ಯಾಂಡು ಕೈಬಿಟ್ಟಿತು. ಆ ಜಾಗಕ್ಕೆ ಸ್ಯಾಮ್ಸನ್ ಬ್ಯಾಂಡಿನಿಂದ ಬಂದವನು ಬ್ರೂಸ್ ಡಿಕಿನ್ಸನ್. ಹಳೆಯ ಕರಾರಿನ ತೊಡಕಿನಿಂದಾಗಿ ಈ ಆಲ್ಬಮ್ಮಿನ ಹಾಡು ಕಟ್ಟಿದವರ ಪಟ್ಟಿಯಲ್ಲಿ ಅವನ ಹೆಸರು ಬರುವಂತಿರಲಿಲ್ಲ. ಕಂಠ ಮಾತ್ರ ಪೂರ್ತಿ ಅವನದೇ.

ಧ್ವನಿಮುದ್ರಣ ನಡೆದದ್ದು ವಿಲ್ಸ್‌ಡನ್‌ನ ಬ್ಯಾಟರಿ ಸ್ಟುಡಿಯೋದಲ್ಲಿ. ನಿರ್ಮಾಪಕ ಮಾರ್ಟಿನ್ ಬರ್ಚ್. ಡೀಪ್ ಪರ್ಪಲ್‌ನವರ ‘ಮೆಷೀನ್ ಹೆಡ್’ ಆಲ್ಬಮ್ಮಿಗೆ 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂತ್ರೋದಲ್ಲಿ ಧ್ವನಿ ಎಂಜಿನಿಯರ್ ಆಗಿ ಕೂತಿದ್ದವನು ಇವನೇ. ಮುದ್ರಣಕ್ಕೆಂದು ಗೊತ್ತುಮಾಡಿದ್ದ ಕ್ಯಾಸಿನೋ ಬೆಂಕಿಗೆ ಆಹುತಿಯಾಗಿ, ಕೊನೆಗೆ ಚಳಿಗಾಲಕ್ಕೆ ಮುಚ್ಚಿದ್ದ ಹೋಟೆಲೊಂದರ ಓಣಿಗಳಲ್ಲಿ ವಾದ್ಯ ಹೂಡಿ ಮುಗಿಸಿದ ಆಲ್ಬಮ್ ಅದು. ಬರ್ಚ್ ಯಾರನ್ನೂ ಸುಲಭಕ್ಕೆ ಬಿಡುವ ಪೈಕಿ ಅಲ್ಲ. ಹೊಸ ಆಲ್ಬಮ್ಮಿನ ಶೀರ್ಷಿಕೆ ಹಾಡಿನ ಮೊದಲ ಎರಡು ಸಾಲನ್ನು ಡಿಕಿನ್ಸನ್ನನಿಂದ ಗಂಟೆಗಟ್ಟಲೆ ಹಾಡಿಸಿದ. ಮೆಲ್ಲನೆ ಹಾಡಬೇಕು, ಆದರೆ ಒಳಗಿನ ಭಯ ಕೇಳಿಸಬೇಕು ಎಂಬ ಹಠ. ಇನ್ನೊಮ್ಮೆ, ಮತ್ತೊಮ್ಮೆ ಎಂದು ಹಾಡಿ ಹಾಡಿ ಡಿಕಿನ್ಸನ್‌ಗೆ ರೋಸಿಹೋಯಿತು. ಕೈಗೆ ಸಿಕ್ಕ ಕುರ್ಚಿ ಮೇಜುಗಳನ್ನು ಎಸೆದಾಡಿದ. ಆ ಎರಡು ಸಾಲಿನ ನಂತರ ಒಂದು ಉದ್ದನೆಯ ಚೀತ್ಕಾರ ಬರುತ್ತದಲ್ಲ, ಅದರಲ್ಲಿ ಇಡೀ ದಿನದ ಆ ಸಂಕಟವೇ ಹೊರಬಂದಿದೆ. ನಟನೆಯ ಕೂಗು ಅಲ್ಲವಾದ್ದರಿಂದಲೇ ಅದು ಇಂದಿಗೂ ಮೈ ಜುಮ್ಮೆನಿಸುತ್ತದೆ.

ಅದೇ ಹಾಡಿನ ಆರಂಭದಲ್ಲಿ ಬೈಬಲ್ಲಿನ ಪ್ರಕಟನೆ ಗ್ರಂಥದ ವಾಚನವಿದೆ. ಅದಕ್ಕೆ ಭಯಾನಕ ಚಿತ್ರಗಳ ನಟ ವಿನ್ಸೆಂಟ್ ಪ್ರೈಸ್‌ನನ್ನು ಕೇಳಿದ್ದರು. ಅವನ ಸಂಭಾವನೆ ಕೈಗೆಟುಕದೆ ಬ್ಯಾರಿ ಕ್ಲೇಟನ್ ಎಂಬ ನಟನಿಂದ ಓದಿಸಿದರು. ಹಾಡು ಹುಟ್ಟಿದ್ದು ಹ್ಯಾರಿಸ್ ಕಂಡ ಒಂದು ಕೆಟ್ಟ ಕನಸಿನಿಂದ, ಅದೂ ತಡರಾತ್ರಿ ‘ಒಮೆನ್’ ಸರಣಿಯ ಎರಡನೇ ಸಿನಿಮಾ ನೋಡಿದ ಮೇಲೆ. ಅದರಲ್ಲಿ ಸೈತಾನನ ಪೂಜೆಯಿಲ್ಲ. ಕಂಡದ್ದನ್ನು ನಂಬಲಾರದೆ ತತ್ತರಿಸುವ ಒಬ್ಬ ಮನುಷ್ಯನಿದ್ದಾನೆ. ಆದರೆ ಅಮೆರಿಕದ ಕೆಲವು ಮತೀಯ ಗುಂಪುಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ರೆಕಾರ್ಡುಗಳನ್ನು ರಾಶಿ ಹಾಕಿ ಸುಟ್ಟರು. ಡೆರೆಕ್ ರಿಗ್ಸ್ ಬರೆದ ಮುಖಪುಟವೂ ಅವರ ಕಣ್ಣು ಕೆಂಪಾಗಿಸಿತ್ತು. ಬ್ಯಾಂಡಿನ ಲಾಂಛನವಾದ ಎಡ್ಡಿ ಎಂಬ ದೈತ್ಯ ಆಕೃತಿ ಸೈತಾನನನ್ನು ಸೂತ್ರದ ಗೊಂಬೆಯಂತೆ ಕುಣಿಸುತ್ತಿರುತ್ತದೆ. ಆ ಸೈತಾನ ತನ್ನ ಕೈಯಲ್ಲಿ ಪುಟ್ಟ ಎಡ್ಡಿಯೊಂದನ್ನು ಕುಣಿಸುತ್ತಿರುತ್ತಾನೆ. ಯಾರು ಯಾರನ್ನು ಆಡಿಸುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಇಷ್ಟು ಚೊಕ್ಕವಾಗಿ ಕೇಳಿದ ಮುಖಪುಟ ರಾಕ್ ಸಂಗೀತದಲ್ಲಿ ವಿರಳ. ಮೊದಲು ಒಂದು ಸಿಂಗಲ್‌ಗೆಂದು ಬರೆದ ಚಿತ್ರ ಅದು. ಮ್ಯಾನೇಜರ್ ರಾಡ್ ಸ್ಮಾಲ್‌ವುಡ್ ನೋಡಿ, ಸಿಂಗಲ್‌ಗೆ ಇದು ದಂಡ ಎಂದು ಎತ್ತಿಟ್ಟುಕೊಂಡಿದ್ದ.

1982ರ ಮಾರ್ಚ್ 22ಕ್ಕೆ ಆಲ್ಬಮ್ ಹೊರಬಂತು. ಏಪ್ರಿಲ್‌ನಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿತು. ಅದೇ ಏಪ್ರಿಲ್‌ನಲ್ಲಿ ಇಲ್ಲಿ ಗೋಕಾಕ್ ಚಳವಳಿಗೆ ಡಾ. ರಾಜ್‌ಕುಮಾರ್ ಧುಮುಕಿದರು, ಕರ್ನಾಟಕದ ಊರೂರಿನ ಮೈದಾನಗಳು ತುಂಬಿ ತುಳುಕಿದವು. ಒಂದು ವರ್ಷದ ಹಿಂದೆಯಷ್ಟೇ ಬೆಂಗಳೂರಿನ ಬಿಇಎಲ್, ಐಟಿಐ, ಎಚ್‌ಎಎಲ್, ಎಚ್‌ಎಂಟಿ ಕಾರ್ಖಾನೆಗಳ ಕಾರ್ಮಿಕರು 77 ದಿನಗಳ ಮುಷ್ಕರ ಮುಗಿಸಿ ಕೆಲಸಕ್ಕೆ ಮರಳಿದ್ದರು. ಈ ಎರಡನ್ನೂ ಕಂಡ ಮನೆಗಳ ಮಕ್ಕಳೇ ಮುಂದೆ ಈ ಸಂಗೀತಕ್ಕೆ ಕಿವಿಗೊಟ್ಟವರು. ರಾಕ್ ಎಂದರೆ ದಂಡು ಪ್ರದೇಶದ ಇಂಗ್ಲಿಷ್ ಮಂದಿಯ ಸೊತ್ತು, ಕನ್ನಡದವರಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಶುರುವಾದದ್ದು ದಂಡಿನಲ್ಲಿ, ನಿಜ. ಬೆಳೆದದ್ದು ಅಲ್ಲಿ ಮಾತ್ರ ಅಲ್ಲ. ಅದನ್ನು ದಂಡಿನಿಂದ ಆಚೆಗೆ ದಾಟಿಸಿದ್ದು ಕ್ಯಾಸೆಟ್ಟು.

ಸಿ-90 ಎಂಬ ಖಾಲಿ ಕ್ಯಾಸೆಟ್ಟಿನ ಒಂದೊಂದು ಬದಿಗೆ 45 ನಿಮಿಷ. ‘ದಿ ನಂಬರ್ ಆಫ್ ದಿ ಬೀಸ್ಟ್’ನ ಉದ್ದ ಸುಮಾರು 39 ನಿಮಿಷ, ‘ಮೆಷೀನ್ ಹೆಡ್’ 38ರ ಒಳಗೆ. ಹಾಗಾಗಿ ಒಂದು ಬದಿಗೆ ಪರ್ಪಲ್, ಇನ್ನೊಂದು ಬದಿಗೆ ಮೇಡನ್ ಹಾಕಿದರೆ ಎರಡೂ ಕತ್ತರಿಯಿಲ್ಲದೆ ಕೂರುತ್ತಿದ್ದವು. ಮಾರ್ಟಿನ್ ಬರ್ಚ್‌ನ ಎರಡು ದೊಡ್ಡ ಕೆಲಸಗಳು ಒಂದೇ ಡಬ್ಬಿಯಲ್ಲಿ! ಎರಡು ಡೆಕ್ಕಿನ ಟೇಪ್ ರೆಕಾರ್ಡರ್ ಇದ್ದ ಮನೆಗೆ ಆಗ ಬಲು ಬೆಲೆ. ಪ್ಲೇ ಮತ್ತು ರೆಕಾರ್ಡ್ ಗುಂಡಿಗಳನ್ನು ಒಟ್ಟಿಗೆ ಒತ್ತಿ, ಪೂರಾ ಮುಕ್ಕಾಲು ಗಂಟೆ ಕಾಯಬೇಕು. ಮಧ್ಯೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಟೇಪು ಸಡಿಲವಾದರೆ ಪೆನ್ಸಿಲ್ ತೂರಿಸಿ ಸುತ್ತಬೇಕು. ಎಲ್ಲ ಮುಗಿದ ಮೇಲೆ ಯಾರಾದರೂ ಅದರ ಮೇಲೆ ಸಿನಿಮಾ ಹಾಡು ತುಂಬಿಸಿಬಿಟ್ಟಾರು ಎಂದು ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಹಾಕುವುದು. ನಕಲಿನಿಂದ ನಕಲು ಮಾಡುತ್ತಾ ಹೋದಂತೆ ಸುಂಯ್ ಎಂಬ ಸದ್ದು ಹೆಚ್ಚುತ್ತಿತ್ತು. ಆಲ್ಬಮ್ಮಿನ ಕೊನೆಯ ಹಾಡಿನ ಆರಂಭದ ಗಂಟೆ ಆ ಸದ್ದಿನ ಆಳದಿಂದ ಬಂದಂತೆ ಕೇಳುತ್ತಿತ್ತು. ಆಮೇಲೆ ಸಿಡಿಯಲ್ಲಿ ಶುಭ್ರವಾಗಿ ಕೇಳಿದವರಿಗೂ ಮನಸ್ಸಿನಲ್ಲಿ ಉಳಿದದ್ದು ಆ ಮಂಕು ಗಂಟೆಯೇ.

ಬ್ರಿಗೇಡ್ ರಸ್ತೆಯ ಅಂಗಡಿಗಳಲ್ಲಿ ಅಸಲಿ ಕ್ಯಾಸೆಟ್, ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ನಕಲಿ. ರೆಸ್ಟ್ ಹೌಸ್ ರಸ್ತೆಯ ಪೆಕೋಸ್ ಪಬ್ಬಿನಲ್ಲಿ ಬಿಯರಿನ ಜೊತೆ ಹಳೆಯ ರಾಕ್. ಕೈಯಲ್ಲಿ ಕಾಸಿಲ್ಲದವರಿಗೆ ಕಾಲೇಜು ಉತ್ಸವಗಳು ಇದ್ದವು. 1996ರಿಂದ ಆಗಸ್ಟ್ 15ರ ಫ್ರೀಡಂ ಜ್ಯಾಮ್ ಸಂಗೀತೋತ್ಸವಕ್ಕೆ ಟಿಕೆಟ್ಟೇ ಇರಲಿಲ್ಲ. ಎಂಬತ್ತರ ದಶಕದ ಕೊನೆಗೆ ಹುಟ್ಟಿದ ಮಿಲೆನಿಯಂ ಬ್ಯಾಂಡು ಈ ಊರಿನಲ್ಲಿ ಹೆವಿ ಮೆಟಲ್‌ನ ಬೀಜ ಬಿತ್ತಿದವರಲ್ಲಿ ಮುಖ್ಯವಾದದ್ದು. ಗಿಟಾರ್ ಕಲಿಯುವವರಿಗೆ ಕೋಲ್ಕತ್ತದಲ್ಲಿ ಮಾಡಿದ ಗಿವ್ಸನ್ ಗಿಟಾರು, ಮೊದಲ ಪಾಠಕ್ಕೆ ಮಾಂತ್ರೋದ ಆ ಬೆಂಕಿಯ ಮೇಲೆ ಡೀಪ್ ಪರ್ಪಲ್ ಕಟ್ಟಿದ ಹೊಗೆಯ ಹಾಡಿನ ನಾಲ್ಕು ಸ್ವರ. ಎರಡನೇ ಪಾಠಕ್ಕೆ ಬಂದಾಗ ಮೇಡನ್‌ನ ಓಟ.

ಆ ಓಟದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ‘ರನ್ ಟು ದಿ ಹಿಲ್ಸ್’ ಹಾಡಿನಲ್ಲಿ ಕ್ಲೈವ್ ಬರ್‌ನ ಡ್ರಮ್ಮಿನ ಆರಂಭ ಮುಗಿದು, ಹಾಡು ವೇಗ ಹಿಡಿದಾಗ ಗಿಟಾರು ಬೇಸುಗಳು ಒಟ್ಟಾಗಿ ಒಂದು ಉದ್ದ, ಎರಡು ಗಿಡ್ಡ ಪೆಟ್ಟನ್ನು ಬಿಡದೆ ನುಡಿಸುತ್ತವೆ. ಇಂಗ್ಲಿಷಿನವರು ಅದನ್ನು ಕುದುರೆ ಓಟ ಎನ್ನುತ್ತಾರೆ. ಹೈಸ್ಕೂಲಿನಲ್ಲಿ ಛಂದಸ್ಸು ಕಲಿತ ಯಾರೇ ಆಗಲಿ ಬೆರಳು ಮಡಿಸಿ ಎಣಿಸಿದರೆ ಸಿಗುವುದು ಗುರು, ಲಘು, ಲಘು. ಅದು ಭಗಣ. ನಾಲ್ಕು ಮಾತ್ರೆ, ಕಂದಪದ್ಯದಲ್ಲಿ ಮತ್ತೆ ಮತ್ತೆ ಬರುವ ಗಣಗಳಲ್ಲಿ ಒಂದು. ಪಂಪ ರನ್ನರ ಕಂದಗಳಲ್ಲಿ ಬೇರೆ ಗಣಗಳ ನಡುವೆ ಬಂದುಹೋಗುವ ಈ ಭಗಣವನ್ನು ಸ್ಟೀವ್ ಹ್ಯಾರಿಸ್ ತನ್ನ ಎರಡು ಬೆರಳುಗಳಿಂದ ನಿಮಿಷಗಟ್ಟಲೆ ಒಂದೇ ಸಮ ಓಡಿಸುತ್ತಾನೆ. ಹೊಡೆತ ತಪ್ಪುವುದಿಲ್ಲ, ಓಟ ತಗ್ಗುವುದಿಲ್ಲ. ಛಂದಸ್ಸಿನ ಪಾಠ ಕೇಳಿ ಬೆಳೆದ ಕಿವಿಗೆ ಈ ಲಯ ಪರಕೀಯ ಅನಿಸದಿದ್ದರೆ ಆಶ್ಚರ್ಯವೇನೂ ಇಲ್ಲ.

ಹಾಡಿನ ವಸ್ತುವೂ ಅಷ್ಟೇ. ಅಮೆರಿಕದ ಮೂಲನಿವಾಸಿಗಳ ಮೇಲೆ ಬಿಳಿಯರು ನಡೆಸಿದ ದಾಳಿಯನ್ನು ಮೊದಲು ಮೂಲನಿವಾಸಿಯ ಬಾಯಿಂದ, ಆಮೇಲೆ ದಾಳಿಕೋರನ ಬಾಯಿಂದ ಹೇಳುವ ಹಾಡು ಅದು. ಬ್ರಿಟಿಷ್ ಹುಡುಗರೇ ಕಟ್ಟಿದ್ದು. ನಮ್ಮ ಕಡೆ 1857ರಲ್ಲಿ ಆಯುಧ ಒಪ್ಪಿಸಲು ಒಪ್ಪದೆ ಕಂಪನಿ ಸರ್ಕಾರದ ದಂಡಿಗೆ ಎದುರು ನಿಂತ ಹಲಗಲಿ ಬೇಡರ ಲಾವಣಿ ಶಾಲೆಯ ಪಠ್ಯದಲ್ಲೇ ಇತ್ತು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್. ಎರಡನ್ನೂ ಒಂದೇ ಸಂಜೆ ಓದಿ ಕೇಳಿದರೆ ದಂಡು ನುಗ್ಗುವ ವೇಗ, ಊರು ಉರಿಯುವ ಚಿತ್ರ ಎಷ್ಟು ಹತ್ತಿರ ಎಂದು ತಿಳಿಯುತ್ತದೆ.

ಎಂಟೂ ಹಾಡು ಒಂದೇ ತೂಕದವಲ್ಲ. ‘ಗ್ಯಾಂಗ್‌ಲ್ಯಾಂಡ್’ ಸಪ್ಪೆ, ಅದರ ಬದಲು ಆ ಸಮಯದಲ್ಲೇ ಮುದ್ರಿಸಿದ್ದ ‘ಟೋಟಲ್ ಎಕ್ಲಿಪ್ಸ್’ ಹಾಕಬೇಕಿತ್ತು ಎಂದು ಹ್ಯಾರಿಸ್ ತಾನೇ ಆಮೇಲೆ ಹೇಳಿದ್ದಾನೆ. ಮೊದಲ ಹಾಡು ‘ಇನ್‌ವೇಡರ್ಸ್’ ಕೂಡ ಹೆಬ್ಬಾಗಿಲಿಗೆ ತಕ್ಕದ್ದಲ್ಲ. ಆದರೆ ಕೊನೆಯ ‘ಹ್ಯಾಲೋಡ್ ಬಿ ದೈ ನೇಮ್’ ಎಲ್ಲ ಕೊರತೆಯನ್ನೂ ತುಂಬಿಕೊಡುತ್ತದೆ. ಬೆಳಗಾದರೆ ನೇಣಿಗೇರಬೇಕಾದ ಕೈದಿಯೊಬ್ಬನ ಕೊನೆಯ ಗಳಿಗೆಗಳು. ಏಳು ನಿಮಿಷಕ್ಕೂ ಮೀರಿದ ಹಾಡು. ಮೊದಲು ಕೈದಿ ಧೈರ್ಯ ತಂದುಕೊಳ್ಳುತ್ತಾನೆ, ಆಮೇಲೆ ಕುಸಿಯುತ್ತಾನೆ, ಆಮೇಲೆ ದೇವರಿದ್ದರೆ ಇದೆಲ್ಲ ಏಕೆ ಎಂದು ಕೇಳುತ್ತಾನೆ. ಉತ್ತರವನ್ನು ಹಾಡುಗಾರ ಹೇಳುವುದಿಲ್ಲ. ಡೇವ್ ಮರ್ರಿ ಮತ್ತು ಏಡ್ರಿಯನ್ ಸ್ಮಿತ್‌ರ ಎರಡು ಗಿಟಾರುಗಳು ಜೋಡಿ ದನಿಯಲ್ಲಿ ಮಾತು ಎತ್ತಿಕೊಳ್ಳುತ್ತವೆ. ಹಾರ್ಡ್ ರಾಕ್ ಎಂದರೆ ಬರೀ ಗದ್ದಲ ಎನ್ನುವವರಿಗೆ ನಾನು ಕೇಳಿಸುವುದು ಈ ಹಾಡನ್ನೇ. ಇಷ್ಟು ಗಂಭೀರವಾಗಿ ಸಾವಿಗೆ ಮುಖಾಮುಖಿಯಾದ ಜನಪ್ರಿಯ ಹಾಡುಗಳು ಯಾವ ಭಾಷೆಯಲ್ಲೂ ಹೆಚ್ಚಿಲ್ಲ.

ಅರಮನೆ ಮೈದಾನಕ್ಕೆ ಬರೋಣ. ಹೊಸ ಶತಮಾನದ ಆರಂಭದಿಂದ ಅದು ವಿದೇಶಿ ರಾಕ್ ಬ್ಯಾಂಡುಗಳಿಗೆ ಮನೆಯಂಗಳವಾಗಿತ್ತು. 2001ರಲ್ಲಿ ಡೀಪ್ ಪರ್ಪಲ್, 2002ರಲ್ಲಿ ರಾಜರ್ ವಾಟರ್ಸ್, 2003ರ ಏಪ್ರಿಲ್‌ನಲ್ಲಿ ಮಳೆಯಲ್ಲಿ ನೆನೆಯುತ್ತಲೇ ನಡೆದ ರೋಲಿಂಗ್ ಸ್ಟೋನ್ಸ್. ಸುಮಾರು 470 ಎಕರೆಯ ಈ ಜಾಗದ ಮೇಲೆ 1996ರ ಸ್ವಾಧೀನ ಕಾಯ್ದೆಯಿಂದೀಚೆಗೆ ರಾಜಮನೆತನಕ್ಕೂ ಸರ್ಕಾರಕ್ಕೂ ವ್ಯಾಜ್ಯ. ಅರಮನೆಯನ್ನು 1862ರಲ್ಲಿ ಕಟ್ಟಿಸತೊಡಗಿದವನು ರೆವರೆಂಡ್ ಜಾನ್ ಗ್ಯಾರೆಟ್, ಮುಂದೆ ಸೆಂಟ್ರಲ್ ಕಾಲೇಜಾದ ಹೈಸ್ಕೂಲಿನ ಮೊದಲ ಪ್ರಾಂಶುಪಾಲ. ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಭಗವದ್ಗೀತೆಯನ್ನು 1840ರ ದಶಕದಲ್ಲಿ ಬೆಂಗಳೂರಿನಲ್ಲೇ ಅಚ್ಚು ಹಾಕಿಸಿದ ಪಾದ್ರಿ. ಎಲ್ಲೆಲ್ಲಿಂದಲೋ ಬಂದದ್ದನ್ನು ತನ್ನದಾಗಿಸಿಕೊಳ್ಳುವ ಗುಣ ಆ ನೆಲಕ್ಕೆ ಮೊದಲಿನಿಂದಲೂ ಇತ್ತು ಅನಿಸುತ್ತದೆ.

2007ರ ಜನವರಿಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿತು. ಬ್ಯಾಟರಾಯನಪುರ ನಗರಸಭೆಯೊಂದಿಗೆ ಕೊಡಿಗೇಹಳ್ಳಿಯೂ ಬೆಂಗಳೂರಿನ ಲೆಕ್ಕಕ್ಕೆ ಸೇರಿತು. ಅಂದರೆ ಮೇಡನ್ ಬಂದಾಗ ಕೊಡಿಗೇಹಳ್ಳಿ ನಗರವಾಗಿ ಎರಡು ತಿಂಗಳಾಗಿತ್ತು ಅಷ್ಟೇ. ಕೊಡಿಗೇಹಳ್ಳಿ ಗೇಟಿನಿಂದ ಬಳ್ಳಾರಿ ರಸ್ತೆ ಹಿಡಿದು, ಹೆಬ್ಬಾಳದ ಮೇಲ್ಸೇತುವೆ ಇಳಿದು, ಗಂಗಾನಗರ ದಾಟಿದರೆ ಮೇಖ್ರಿ ಸರ್ಕಲ್. ಉತ್ತರ ಬೆಂಗಳೂರಿನ ಹುಡುಗರಿಗೆ ಇದು ಕೂಗಳತೆಯ ದೂರ. ಹೊರಗಿನಿಂದ ಬರುವವರು ಮೆಜೆಸ್ಟಿಕ್ ಸುತ್ತಿ ಬರಬೇಕಿದ್ದರೆ ಇವರು ಒಂದೇ ಬಸ್ಸಿನಲ್ಲಿ ಬಂದಿಳಿಯಬಹುದಿತ್ತು.

ಆ ದಿನದ ಕಾರ್ಯಕ್ರಮಕ್ಕೆ ಎಡ್‌ಫೆಸ್ಟ್ ಎಂದು ಹೆಸರು. ಮೊದಲು ಸ್ಟೀವ್ ಹ್ಯಾರಿಸ್‌ನ ಮಗಳು ಲಾರೆನ್ ಹ್ಯಾರಿಸ್, ಮತ್ತು ದೆಹಲಿಯ ಪರಿಕ್ರಮ ಬ್ಯಾಂಡು. ಪರಿಕ್ರಮದ ನುಡಿಸಾಣಿಕೆ ಮೇಡನ್ ಬಳಗಕ್ಕೆ ಎಷ್ಟು ಹಿಡಿಸಿತೆಂದರೆ ಅದೇ ವರ್ಷ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವಕ್ಕೆ ಅವರಿಗೆ ಕರೆ ಬಂತು. ಕತ್ತಲಾದ ಮೇಲೆ ಮೇಡನ್. ಅಷ್ಟು ದೊಡ್ಡ ಹೆವಿ ಮೆಟಲ್ ಬ್ಯಾಂಡೊಂದು ಭಾರತಕ್ಕೆ ಕಾಲಿಟ್ಟದ್ದು ಅದೇ ಮೊದಲು ಎಂದು ಎಲ್ಲರೂ ಒಪ್ಪುತ್ತಾರೆ. 2006ರ ಹೊಸ ಆಲ್ಬಮ್ಮಿನ ಹಾಡುಗಳ ನಡುವೆ ಹಳೆಯವು ಬಂದವು. ಆ ಬೈಬಲ್ ವಾಚನದ ದನಿ ಧ್ವನಿವರ್ಧಕದಲ್ಲಿ ಶುರುವಾದದ್ದೇ ತಡ, ಮೈದಾನವೇ ಅದನ್ನು ಒಪ್ಪಿಸತೊಡಗಿತು. ಇಪ್ಪತ್ತು ವರ್ಷ ಸುಂಯ್‌ಗುಡುವ ಕ್ಯಾಸೆಟ್ಟಿನಿಂದ ಕಲಿತ ಪಾಠ ಅದು. ಹಾಡುಗಾರರಿಗೆ ಭಾರತ ಹೊಸದು; ಕೇಳುಗರಿಗೆ ಹಾಡಿನ ಒಂದಕ್ಷರವೂ ಹೊಸದಲ್ಲ.

ಬಾಗಿಲು ಒಮ್ಮೆ ತೆರೆದುಕೊಂಡ ಮೇಲೆ ಸಾಲುಗಟ್ಟಿ ಬಂದರು. ಅದೇ ಜೂನ್‌ನಲ್ಲಿ ಏರೋಸ್ಮಿತ್, 2008ರ ಮಾರ್ಚ್‌ನಲ್ಲಿ ಮೆಗಾಡೆತ್, 2009ರ ಫೆಬ್ರುವರಿ 15ಕ್ಕೆ ಮತ್ತೆ ಮೇಡನ್. ಅಷ್ಟರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ತೆರೆದು ಒಂಬತ್ತು ತಿಂಗಳಾಗಿತ್ತು. ಪೇಟೆಯ ಕಡೆಗೆ ಬರುವ ಹೆದ್ದಾರಿ ಹಾಯುವುದು ಕೊಡಿಗೇಹಳ್ಳಿ ಗೇಟಿನ ಮುಂದೆಯೇ. 2011ರ ಅಕ್ಟೋಬರ್ 28ಕ್ಕೆ ಗುರುಗ್ರಾಮದಲ್ಲಿ ನಡೆಯಬೇಕಿದ್ದ ಮೆಟಾಲಿಕಾ ಕಾರ್ಯಕ್ರಮ ತಡೆಬೇಲಿ ಕೈಕೊಟ್ಟು ರದ್ದಾಯಿತು, ಜನ ರೊಚ್ಚಿಗೆದ್ದರು. ಎರಡು ದಿನದ ನಂತರ, 30ಕ್ಕೆ, ಅರಮನೆ ಮೈದಾನದಲ್ಲಿ ಅದೇ ಮೆಟಾಲಿಕಾ ನುಡಿಸಿತು; ಕಾರ್ಯಕ್ರಮ ಸುಸೂತ್ರವಾಗಿ ಮುಗಿಯಿತು. 2012ರ ಡಿಸೆಂಬರ್ 7ಕ್ಕೆ ಗನ್ಸ್ ಎನ್ ರೋಸಸ್ ಬಂದಾಗ ವೇದಿಕೆ ಅರಮನೆ ಮೈದಾನದಿಂದ ಥಣಿಸಂದ್ರ ರಸ್ತೆಯ ಭಾರತೀಯ ಸಿಟಿಗೆ, ಅಂದರೆ ಹೆಚ್ಚುಕಮ್ಮಿ ಕೊಡಿಗೇಹಳ್ಳಿಯ ಪೂರ್ವದ ನೆರೆಗೆ, ಸರಿದಿತ್ತು.

ಈ ಕಾಲದ ನಿಜವಾದ ಫಲ ನನಗೆ ಕಾಣುವುದು ಬಂದುಹೋದ ಬ್ಯಾಂಡುಗಳಲ್ಲಿ ಅಲ್ಲ. 1998ರಲ್ಲಿ ಬೆಂಗಳೂರಿನಲ್ಲಿ ಕ್ರಿಪ್ಟೋಸ್ ಎಂಬ ಬ್ಯಾಂಡು ಹುಟ್ಟಿತು. 2004ರಲ್ಲಿ ‘ಸ್ಪೈರಲ್ ಅಸೆಂಟ್’ ಎಂಬ ಮೊದಲ ಆಲ್ಬಮ್ ತಂದಿತು. ಮೇಡನ್, ಜೂಡಸ್ ಪ್ರೀಸ್ಟ್‌ಗಳ ಜೋಡಿ ಗಿಟಾರಿನ ಪರಂಪರೆಯನ್ನು ಫ್ಯಾಷನ್ ಬದಲಾದರೂ ಕೈಬಿಡದೆ ಹಿಡಿದುಕೊಂಡವರು ಇವರು. ಲೋಕದ ಹೆವಿ ಮೆಟಲ್ ಪ್ರಿಯರು ಜಾತ್ರೆಯಂತೆ ಸೇರುವ ಜರ್ಮನಿಯ ವಾಕನ್ ಉತ್ಸವದಲ್ಲಿ 2013ರಲ್ಲಿ ನುಡಿಸಿದರು.    ಕ್ರಿಪ್ಟೋಸ್ 2016, 2019, 2021, 2024ರಲ್ಲಿ ಮತ್ತೆ ಮತ್ತೆ ಆಲ್ಬಮ್ ತಂದಿದೆ. 2021ರ ‘ಫೋರ್ಸ್ ಆಫ್ ಡೇಂಜರ್’ ಹಾಕಿ ಎರಡು ಗಿಟಾರುಗಳು ಜೊತೆಯಾಗಿ ಏರುವ ಕಡೆ ಕಿವಿಗೊಡಿ: ವಿಲ್ಸ್‌ಡನ್‌ನಿಂದ ಹೊರಟದ್ದು ಎಲ್ಲಿಗೆ ಬಂದು ಮುಟ್ಟಿದೆ ಎಂಬುದು ಅಲ್ಲೇ ಕೇಳಿಸುತ್ತದೆ.